ಗದ್ದೆಯ ವಿಡಿಯೊ, ತೆರಿಗೆಯ ಲೆಕ್ಕ

ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ವಿಡಿಯೊ ಹಾಕಿ ಗಳಿಸುವ ಹಣ ಆದಾಯ ತೆರಿಗೆ ಕಾನೂನಿನ ಲೆಕ್ಕದಲ್ಲಿ ವ್ಯಾಪಾರ ಅಥವಾ ವೃತ್ತಿಯ ಆದಾಯ. ತೆರೆಯ ಮೇಲೆ ಕಾಣುವುದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕಬ್ಬಾಗಲಿ, ಮಂಡ್ಯದ ಆಲೆಮನೆಯಾಗಲಿ, ಮದ್ದೂರಿನ ಎಳನೀರು ಮಾರುಕಟ್ಟೆಯಾಗಲಿ, ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಾಗಲಿ, ಇದು ಬದಲಾಗದು. ಈ ಸೀಮೆಯಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಬೇಸಾಯವನ್ನೇ ನಂಬಿದ ಎಷ್ಟೋ ಮನೆಗಳಲ್ಲಿ ರಿಟರ್ನ್ ಸಲ್ಲಿಸುವ ರೂಢಿಯೇ ಇಲ್ಲ. ‘ನಾವು ರೈತರು, ನಮಗ್ಯಾವ ಟ್ಯಾಕ್ಸು’ ಎಂಬ ಮಾತು ಕಬ್ಬಿನ ಬಿಲ್ಲಿಗೆ ಸರಿ, ಚಾನೆಲ್ಲಿನ ದುಡ್ಡಿಗೆ ಸಲ್ಲದು.

ಕೃಷಿ ಆದಾಯ ಎನಿಸಿಕೊಳ್ಳಬೇಕಾದರೆ ಹಣ ಭೂಮಿಯಿಂದಲೇ ಹುಟ್ಟಬೇಕು. ಈ ವಿಷಯದಲ್ಲಿ ನ್ಯಾಯಾಲಯಗಳು ಬಹಳ ಬಿಗಿ. ಹಿಪ್ಪುನೇರಳೆ ಸೊಪ್ಪು ಕೃಷಿಯ ಉತ್ಪನ್ನವಾದರೂ ಅದನ್ನು ತಿಂದ ಹುಳು ಕಟ್ಟಿದ ಗೂಡಿನ ಆದಾಯ ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಗೂಡಿಗೇ ಸಿಗದ ವಿನಾಯಿತಿ ಗದ್ದೆಯ ವಿಡಿಯೊಗೆ ಸಿಗುವುದಿಲ್ಲ.

ಎರಡೂ ಆದಾಯ ಇರುವ ಮನೆಗೆ ಇನ್ನೊಂದು ಲೆಕ್ಕವಿದೆ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ದರೂ, ಉಳಿದ ಆದಾಯದ ಮೇಲಿನ ತೆರಿಗೆಯನ್ನು ಅದು ಏರಿಸಬಲ್ಲದು. 2025-26ರ ಹೊಸ ಪದ್ಧತಿಯ ದರದಲ್ಲಿ, ಖರ್ಚು ಕಳೆದು ಚಾನೆಲ್ಲಿನಿಂದ 13 ಲಕ್ಷ ರೂಪಾಯಿ ಉಳಿದವರ ತೆರಿಗೆ, ಸೆಸ್ ಬಿಟ್ಟು, 75,000 ರೂಪಾಯಿ. ಅವರಿಗೇ 3 ಲಕ್ಷದ ಕಬ್ಬಿನ ಆದಾಯವೂ ಇದ್ದರೆ 16 ಲಕ್ಷದ ಮೇಲಿನ ತೆರಿಗೆ 1,20,000ದಿಂದ 7 ಲಕ್ಷದ ಮೇಲಿನ 15,000ವನ್ನು ಕಳೆಯಬೇಕು, ಉಳಿಯುವುದು 1,05,000. ಕಬ್ಬಿನ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸದೆ ಬಿಟ್ಟವರು ಈ 30,000ದ ವ್ಯತ್ಯಾಸವನ್ನು ಮುಂದೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಇಷ್ಟು ದೊಡ್ಡ ಮೊತ್ತ ಹಳ್ಳಿಯ ಹೆಚ್ಚಿನ ಚಾನೆಲ್ಲುಗಳಿಗೆ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಆದರೆ ತೆರಿಗೆ ಇಲ್ಲ ಎಂದರೆ ರಿಟರ್ನ್ ಬೇಡ ಎಂದಲ್ಲ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೂ ವೃತ್ತಿಯ ಒಟ್ಟು ಸ್ವೀಕೃತಿ 10 ಲಕ್ಷ ಮೀರಿದರೆ, ಅಥವಾ ಟಿಡಿಎಸ್ 25,000 ಮುಟ್ಟಿದರೆ ಸಲ್ಲಿಸಲೇಬೇಕು. 2025-26ರ ಅಸೆಸ್‌ಮೆಂಟ್ ವರ್ಷದ ಐಟಿಆರ್-3 ಮತ್ತು ಐಟಿಆರ್-4 ನಮೂನೆಗಳಲ್ಲಿ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆಂದೇ 16021 ಎಂಬ ಸಂಕೇತ ಬಂದಿದೆ. ಇಲಾಖೆ ಈ ಕಸುಬನ್ನು ಗುರುತಿಸಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಮೋಷನ್ ಮಾಡಿಸುವ ಕಂಪನಿ ವರ್ಷಕ್ಕೆ 50,000 ಮೀರಿದ ವೃತ್ತಿ ಶುಲ್ಕದಲ್ಲಿ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತದೆ. ಪತ್ರಿಕೆಗೆ ಬರೆಯುವವರ ಸಂಭಾವನೆಗೂ ಇದೇ ನಿಯಮ. ಹಿಡಿದ ಹಣ ತಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ 26ಎಎಸ್ ತೆರೆದು ನೋಡುವುದು ಈ ಅಂಕಣಕಾರರ ರೂಢಿ. ಚಾನೆಲ್ಲಿನವರಿಗೂ ಅದು ಒಳ್ಳೆಯದು.

ವಸ್ತುವಿನ ರೂಪದಲ್ಲಿ ಬಂದದ್ದೂ ಆದಾಯವೇ. 2022ರ ಜುಲೈ 1ರಿಂದ, ವರ್ಷಕ್ಕೆ 20,000 ರೂಪಾಯಿ ಮೀರಿದ ಉಡುಗೊರೆ, ಸೌಲಭ್ಯಗಳಿಗೆ ಶೇ 10ರ ಟಿಡಿಎಸ್ ಇದೆ. ಕಂಪನಿ ಕೊಟ್ಟ 40,000ದ ಮೊಬೈಲನ್ನು ವಿಡಿಯೊ ಮಾಡಿ ಹಿಂದಿರುಗಿಸಿದರೆ ಅದು ಆದಾಯವಲ್ಲ. ಇಟ್ಟುಕೊಂಡರೆ ಆದಾಯ, 4,000 ಕಡಿತ. ಹೆದ್ದಾರಿ ಬದಿಯ ಸಣ್ಣ ಹೋಟೆಲಿನವರು ಪ್ರಚಾರಕ್ಕೆ ಬದಲಾಗಿ ಕೊಟ್ಟ ಕೂಪನ್ನುಗಳಿಗೆ ಟಿಡಿಎಸ್ ಇಲ್ಲದಿರಬಹುದು, ಅವುಗಳ ಬೆಲೆ ಮಾತ್ರ ಲೆಕ್ಕಕ್ಕೆ ಸೇರಲೇಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ವಿಡಿಯೊ ನೋಡಿದರೆ ಆ ಭಾಗದ ಗಳಿಕೆಗೆ ಅಲ್ಲಿಯ ತೆರಿಗೆ ಬೀಳುತ್ತದೆ. 2021ರ ಜೂನ್‌ನಿಂದ ಯೂಟ್ಯೂಬ್ ಅದನ್ನು ಹಿಡಿಯುತ್ತಿದೆ. ಡಬ್ಲ್ಯು-8ಬೆನ್ ನಮೂನೆ ತುಂಬಿ ಎರಡು ದೇಶಗಳ ಒಪ್ಪಂದದ ಲಾಭ ಕೇಳಿದರೆ ದರ ಶೇ 15. ಅಲ್ಲಿ ಕಟ್ಟಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ನಿಯಮದಂತೆ ಹೊಂದಿಸಿಕೊಳ್ಳಬಹುದು.

ಜಿಎಸ್‌ಟಿ ಬೇರೆಯೇ ಬಾಬತ್ತು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಪ್ರಮೋಷನ್ ಬಿಲ್ಲಿಗೆ ದರ ಶೇ 18. ವಿದೇಶದಿಂದ ಬರುವ ಜಾಹೀರಾತಿನ ಹಣವೂ ಈ 20 ಲಕ್ಷದ ಎಣಿಕೆಗೆ ಸೇರುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟನ್ನೇ ಆಧಾರವಾಗಿಟ್ಟು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಖಾತೆಗೆ ಬಿದ್ದ ಹಣ ಇಲಾಖೆಯ ಕಣ್ಣಿಗೆ ಕಾಣುತ್ತದೆ.

ಖರ್ಚನ್ನು ಬರೆದಿಡುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಕ್ಯಾಮೆರಾ ಸವಕಳಿ, ಇಂಟರ್‌ನೆಟ್, ಎಡಿಟಿಂಗ್ ಕೂಲಿ, ಶೂಟಿಂಗಿಗೆ ಹೋದ ಪೆಟ್ರೋಲು ಎಲ್ಲವನ್ನೂ ಕಳೆಯಬಹುದು, ಬಿಲ್ ಇದ್ದರೆ. ಅರ್ಧ ಸ್ವೀಕೃತಿಯನ್ನೇ ಲಾಭವೆಂದು ಒಪ್ಪಿಕೊಳ್ಳುವ 44ಎಡಿಎ ಸೌಲಭ್ಯ ಕಾಯ್ದೆ ಹೆಸರಿಸಿದ ವೃತ್ತಿಗಳಿಗೆ ಮೀಸಲು. ಎಲ್ಲ ಚಾನೆಲ್ಲಿನವರೂ ಅದರಡಿ ಬರುತ್ತಾರೆಂದು ಭಾವಿಸದೆ ಆಡಿಟರ್‌ರನ್ನು ಕೇಳಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದರಿಂದ ಸೆಕ್ಷನ್ ಸಂಖ್ಯೆಗಳೂ ಬದಲಾಗುತ್ತವೆ.

ಚಾನೆಲ್ಲಿನ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ಮೊದಲ ಪಾವತಿ ಬಂದ ವರ್ಷದಿಂದಲೇ ರಿಟರ್ನ್ ಸಲ್ಲಿಕೆಯಾಗಲಿ. ತೆರಿಗೆ ಬಾರದವರಿಗೆ ಟಿಡಿಎಸ್ ಹಣ ವಾಪಸ್ ಸಿಗುವ ದಾರಿ ಅದೊಂದೇ.