ಮದುವೆಗೆ ಮುಂಚಿನ ಪರೀಕ್ಷೆ: ಎಕ್ಸೆಲ್‌ನಲ್ಲಿ ಒಂದು ಪುಟ್ಟ ಬಹರೈನ್

ಮದುವೆಯಾಗುವ ಜೋಡಿ ವೈದ್ಯಕೀಯ ಪರೀಕ್ಷೆ ಮಾಡಿಸಲೇಬೇಕೆಂದು ಬಹರೈನ್ 2004ರಲ್ಲಿ ಕಾನೂನು ತಂದಿತು. ಮುಖ್ಯ ಗುರಿ ಅಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್, ಥಲಸೇಮಿಯಾ. ಜತೆಗೆ ಹೆಪಟೈಟಿಸ್, ಎಚ್‌ಐವಿ, ಸಿಫಿಲಿಸ್. ನಮ್ಮ ಕರಾವಳಿಯಿಂದ ಅಲ್ಲಿಗೆ ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಬಾಗಿಲಿದೆ, ವೀಸಾ ಮೆಡಿಕಲ್. ಮಂಗಳೂರಿನವರ ಬಾಯಲ್ಲಿ ಅದಿನ್ನೂ ‘ಗಾಮ್ಕಾ’. ಅಲ್ಲೂ ಎಚ್‌ಐವಿ, ಸಿಫಿಲಿಸ್ ನೋಡುತ್ತಾರೆ.

ಹಂತ 1: ಪ್ರಶ್ನೆ ಒಂದೇ ಇರಲಿ. ಮದುವೆ ಪರೀಕ್ಷೆಗೆ ಕ್ಲಮೈಡಿಯಾವನ್ನೂ ಸೇರಿಸಿದರೆ ಜನರಲ್ಲಿ ಆ ಸೋಂಕು ಇಳಿದೀತೇ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಆದ ಕ್ಲಮೈಡಿಯಾ ಸೋಂಕು 12.9 ಕೋಟಿ. ಬಹುಪಾಲು ಜನರಿಗೆ ಲಕ್ಷಣವೇ ಇರುವುದಿಲ್ಲ, ಅದಕ್ಕೇ ಹುಡುಕಿ ಹಿಡಿಯಬೇಕು. ಸಿಕ್ಕರೆ ಒಂದು ವಾರದ ಡಾಕ್ಸಿಸೈಕ್ಲಿನ್ ಸಾಕು. ಬಿಟ್ಟರೆ ಕೆಲವು ಹೆಣ್ಣುಮಕ್ಕಳಿಗೆ ಬಂಜೆತನದವರೆಗೂ ಹೋಗುತ್ತದೆ.

ಹಂತ 2: ಎರಡು ಮನೆ ಮಾಡಿ. ಚೆನ್ನೆಮಣೆಯ ಕಾಯಿಗಳ ಹಾಗೆ ಜನ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ: ‘ಸೋಂಕಿಲ್ಲದವರು’, ‘ಸೋಂಕಿತರು’. ಗುಣವಾದವರಿಗೆ ಮತ್ತೆ ತಗಲಬಹುದು, ಹಾಗಾಗಿ ಮೂರನೇ ಮನೆ ಬೇಡ. 1,000 ಜನ, ಅದರಲ್ಲಿ 40 ಸೋಂಕಿತರು ಎಂದಿಟ್ಟುಕೊಳ್ಳಿ. ಇದು ಬಹರೈನ್‌ನ ಅಂಕಿಯಲ್ಲ, ಕಲಿಯಲು ಇಟ್ಟುಕೊಂಡದ್ದು. ಮುಂದಿನವೂ ಹಾಗೆಯೇ.

ಹಂತ 3: ತಿಂಗಳಿಗೊಂದು ಸಾಲು. ಚಿಕಿತ್ಸೆ ಇಲ್ಲದಿದ್ದರೂ ಸೋಂಕು ಸರಾಸರಿ ಒಂದು ವರ್ಷದಲ್ಲಿ ತಾನೇ ಹೋಗುತ್ತದೆನ್ನೋಣ: ಗುಣ = ಸೋಂಕಿತರು ÷ 12. ಹೊಸ ಸೋಂಕು = 0.0868 × ಸೋಂಕಿಲ್ಲದವರು × ಸೋಂಕಿತರು ÷ 1,000. ಎರಡೂ 3.33 ಬಂದು, ಎಷ್ಟು ಸಾಲು ಎಳೆದರೂ 40 ಕದಲಬಾರದು. ಕದಲಿದರೆ ಸೂತ್ರ ತಪ್ಪಿದೆ.

ಹಂತ 4: ಪರೀಕ್ಷೆ ಸೇರಿಸಿ. ವರ್ಷಕ್ಕೆ 30 ಮಂದಿ ಮದುವೆಯಾಗುತ್ತಾರೆ. ಪರೀಕ್ಷೆ 90% ಸೋಂಕನ್ನು ಹಿಡಿಯುತ್ತದೆ, ಸಿಕ್ಕವರಲ್ಲಿ 90% ಔಷಧಿ ಮುಗಿಸುತ್ತಾರೆ. ಅಂದರೆ ವರ್ಷಕ್ಕೆ ಗುಣವಾಗುವುದು ಹೆಚ್ಚುಕಡಿಮೆ ಒಬ್ಬರು, ಅದೇ ವರ್ಷ ಹೊಸದಾಗಿ ತಗಲುವುದು 40 ಜನಕ್ಕೆ. ಆದರೂ ಸಾಲುಗಳನ್ನು ನೂರಾರು ವರ್ಷ ಎಳೆದರೆ ಹಾಳೆ ತೋರಿಸುವುದು 17! ಖುಷಿಪಡಬೇಡಿ.

ಹಂತ 5: ಮಾದರಿಯನ್ನು ಅನುಮಾನಿಸಿ. ಎಲ್ಲರಿಗೂ ಒಂದೇ ಸಂಖ್ಯೆಯ ಸಂಗಾತಿಗಳು ಎಂದು ಅದು ನಂಬಿದೆ. 1,000 ಜನರನ್ನು 950 ಮತ್ತು 50 ಎಂದು ಒಡೆಯಿರಿ. 50 ಮಂದಿ ಹತ್ತು ಪಟ್ಟು ಹೆಚ್ಚು ಸಂಗಾತಿ ಬದಲಿಸುವವರು. ಮೊದಲ ಗುಂಪಿಗೆ ತೂಕ 1, ಎರಡನೆಯದಕ್ಕೆ 10. ತೂಕ ಹಚ್ಚಿದ ಸೋಂಕಿತರನ್ನು 1,450ರಿಂದ ಭಾಗಿಸಿ, ಅದನ್ನು 0.0255ರಿಂದ, ಗುಂಪಿನ ತೂಕದಿಂದ, ಗುಂಪಿನ ಸೋಂಕಿಲ್ಲದವರಿಂದ ಗುಣಿಸಿದರೆ ಆ ಗುಂಪಿನ ಹೊಸ ಸೋಂಕು ಸಿಗುತ್ತದೆ. ಆರಂಭಕ್ಕೆ 28 ಮತ್ತು 12 ಸೋಂಕಿತರು. ಮೊತ್ತ ಅದೇ 40, ಮದುವೆ ಪರೀಕ್ಷೆಯೂ ಅದೇ. ಈಗ ಇಳಿಯುವುದು ಸುಮಾರು 36ಕ್ಕೆ ಮಾತ್ರ. ಸಣ್ಣ ಗುಂಪು ಸೋಂಕನ್ನು ಆರದಂತೆ ಕಾಯುತ್ತದೆ, ಜೀವನದಲ್ಲೊಮ್ಮೆ ಮಾಡುವ ಪರೀಕ್ಷೆ ಅದನ್ನು ಅಲುಗಿಸುವುದಿಲ್ಲ.

ನಿಜಜೀವನವೂ ಹೀಗೇ ಹೇಳಿದೆ. ನೆದರ್ಲೆಂಡ್ಸ್‌ನಲ್ಲಿ 2008ರಿಂದ ಯುವಜನರನ್ನು ಕ್ಲಮೈಡಿಯಾ ಪರೀಕ್ಷೆಗೆ ವರ್ಷವರ್ಷವೂ ಕರೆದರು. ಮೊದಲ ಸುತ್ತಿನಲ್ಲಿ ಬಂದವರು 16%, ಮೂರನೆಯದರಲ್ಲಿ 10%ಕ್ಕೂ ಕಡಿಮೆ. ಸೋಂಕು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2003ರಲ್ಲಿ ಶುರುವಾದ ಇಂಗ್ಲೆಂಡಿನ ಕಾರ್ಯಕ್ರಮವೂ 2021ರಲ್ಲಿ ಗುರಿ ಬದಲಿಸಿ, ಯುವತಿಯರಿಗೆ ಆಗುವ ಹಾನಿ ತಡೆಯುವತ್ತ ತಿರುಗಿತು.

ಮದುವೆ ಪರೀಕ್ಷೆಗೆ ಒಂದು ಅನುಕೂಲವಂತೂ ಇದೆ: ಇಬ್ಬರೂ ಒಟ್ಟಿಗೆ ಬಂದಿರುತ್ತಾರೆ. ಬೇರೆ ಕಡೆ ಸಂಗಾತಿಯನ್ನು ಕರೆತರುವುದೇ ದೊಡ್ಡ ಪಾಡು.

ಹಂತ 6: ತಪ್ಪು ವರದಿ ಎಣಿಸಿ. ಇದನ್ನು ಹೊಸಬರು ಬಿಟ್ಟೇಬಿಡುತ್ತಾರೆ. ಪರೀಕ್ಷೆಗೆ ಬಂದ 3,000 ಜನರಲ್ಲಿ 120 ಸೋಂಕಿತರಿದ್ದರೆ 108 ಸಿಗುತ್ತಾರೆ. ಉಳಿದ 2,880ರಲ್ಲಿ 1% ತಪ್ಪಾದರೂ 29 ಜನಕ್ಕೆ ಇಲ್ಲದ ಸೋಂಕು ಅಂಟುತ್ತದೆ. ಪಾಸಿಟಿವ್ ಬಂದ 137ರಲ್ಲಿ 29! ಅದೂ ನಿಶ್ಚಿತಾರ್ಥ ಮುಗಿದು ಛತ್ರ ಗೊತ್ತಾದ ಮೇಲೆ. ಮರುಪರೀಕ್ಷೆಯ ಖರ್ಚಿಗೂ ಮುರಿದ ಸಂಬಂಧಕ್ಕೂ ಒಂದೊಂದು ಕಾಲಂ ಇಡಿ. ನನ್ನ ಲೆಕ್ಕದಲ್ಲಿ ಎರಡನೆಯದೇ ಭಾರ.

ಹಂತ 7: ವೀಸಾ ಬಾಗಿಲು. ಇಲ್ಲಿ ಸಿಫಿಲಿಸ್ ಪಾಸಿಟಿವ್ ಬಂದವನ ಮೇಲೆ ‘ಅನ್‌ಫಿಟ್’ ಮುದ್ರೆ ಬೀಳುತ್ತದೆ. ಸಿಫಿಲಿಸ್‌ಗೂ ಇಂಥದೇ ಹಾಳೆ ಮಾಡಿದರೆ, ಬಹರೈನ್ ಹಾಳೆಯಲ್ಲಿ ಒಂದು ಸೋಂಕು ಕಡಿಮೆಯಾದಂತೆ ಕಾಣುತ್ತದೆ. ಎರಡನೇ ಹಾಳೆ ತೆರೆದು ‘ಉಡುಪಿ’ ಎಂದು ಹೆಸರಿಡಿ. ಚಿಕಿತ್ಸೆ ಸಿಗದವನನ್ನು ಅಲ್ಲಿನ ಸೋಂಕಿತರ ಮನೆಗೆ ಸೇರಿಸಿ, ಸಿಕ್ಕವನನ್ನು ಪಕ್ಕದ ಮನೆಗೆ. ಆಮೇಲೆ ಎರಡೂ ಹಾಳೆಗಳ ಮೊತ್ತ ಹಾಕಿ.