ಬೆಸುಗೆಯ ಪಕ್ಕದ ಗೆರೆ

ಗುಡೂರಿನಿಂದ ಅಮೀನಗಡದ ಕಡೆ ಹೊರಟಾಗ ನನ್ನ ಪಿಕಪ್ಪಿನ ಸ್ಟೇರಿಂಗ್ ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಸುಮ್ಮನೆ ತಿರುಗುತ್ತಿತ್ತು. ಗಾಲಿಗೆ ಅದರ ಸುದ್ದಿಯೇ ಇರಲಿಲ್ಲ. ಮೊದಮೊದಲು ಕೈ ಅದಕ್ಕೆ ಹೊಂದಿಕೊಂಡಿತು. ಎದುರಿಗೆ ಲಾರಿ ಬಂದರೆ ಒಂದು ಗಳಿಗೆ ಮುಂಚೆಯೇ ತಿರುಗಿಸುವುದು, ತಗ್ಗು ಕಂಡರೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವುದು. ಕೆಟ್ಟ ಗಾಡಿಗೆ ಕೈ ಹೊಂದಿಕೊಳ್ಳುವುದು ಎಷ್ಟು ದೊಡ್ಡ ಅಪಾಯ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹಳೆಯ ಗಾಡಿ. ಆ ಮಾದರಿ ಬರುವುದು ನಿಂತು ಬಹಳ ದಿನವಾಗಿತ್ತು. ಅದರಲ್ಲಿ ಇಳಕಲ್ಲಿನಿಂದ ನೂಲು ತರುತ್ತಿದ್ದೆ, ನಮ್ಮೂರ ನೇಕಾರರ ಸೀರೆ ಗಂಟು ಒಯ್ಯುತ್ತಿದ್ದೆ, ಸುಗ್ಗಿಯಲ್ಲಿ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಕಮತಗಿ ಮೇಲೆ ಬಾಗಲಕೋಟೆಗೆ ಹೋಗುತ್ತಿದ್ದೆ. ನಡುನಡುವೆ ಗ್ರಾನೈಟ್ ಪಾಲಿಶ್ ಮಾಡುವಲ್ಲಿಂದ ಕಲ್ಲಿನ ತುಂಡು. ಸ್ಟೇರಿಂಗ್ ಸವೆಯಲು ಮುಖ್ಯ ಕಾರಣ ಈ ಕೊನೆಯ ಬಾಡಿಗೆಯೇ ಎಂದು ನನಗೆ ಈಗ ಅನಿಸುತ್ತದೆ. ಕಲ್ಲು ಕೊಯ್ಯುವ ನೀರಿನ ಜೊತೆ ಹರಿದು ಬರುವ ಬೂದು ಕೆಸರು ಒಣಗಿದರೆ ಹಿಟ್ಟಿನಂತೆ ಮೆತ್ತಗಿರುತ್ತದೆ. ಆದರೆ ಅದರಲ್ಲಿರುವ ಬೆಣಚುಕಲ್ಲಿನ ಕಣ ಮಾಮೂಲಿ ಉಕ್ಕಿಗಿಂತ ಗಟ್ಟಿ. ಗ್ರೀಸಿನ ಜೊತೆ ಸೇರಿದರೆ ಅದು ವಾಲ್ವ್ ಕೂರಿಸಲು ಹಚ್ಚುವ ಗ್ರೈಂಡಿಂಗ್ ಪೇಸ್ಟೇ ಸರಿ. ಮಳೆಗಾಲದಲ್ಲಿ ಎರಿಹೊಲದ ಮಣ್ಣು ಮೇಲಿಂದ ಮೆತ್ತಿಕೊಂಡು ಅದನ್ನು ಹೊರಗೆ ಬೀಳಲೂ ಬಿಡುವುದಿಲ್ಲ.

ಮಿಸ್ತ್ರಿ ಕೆಳಗೆ ಹೊಕ್ಕು, ನನಗೆ ಸ್ಟೇರಿಂಗ್ ಅಲ್ಲಾಡಿಸಲು ಹೇಳಿ, ಒಂದೇ ನೋಟಕ್ಕೆ ಹೇಳಿದ: ‘ಅಣ್ಣಾರ, ಐಡ್ಲರ್ ಹೋಗೈತ್ರಿ.’

ಐಡ್ಲರ್ ಎಂದರೆ ಏನು ಎಂಬುದನ್ನು ಗಾಡಿ ಇಟ್ಟವರೆಲ್ಲ ತಿಳಿದಿರಬೇಕು. ಇಂಥ ಗಾಡಿಯಲ್ಲಿ ಸ್ಟೇರಿಂಗ್ ಬಾಕ್ಸು ಬಲಗಡೆ ಚಾಸಿಗೆ ಕೂತಿರುತ್ತದೆ. ಅದರಿಂದ ಇಳಿದ ತೋಳು ನಡುವಿನ ಉದ್ದ ರಾಡನ್ನು ಆಚೆ ಈಚೆ ನೂಕುತ್ತದೆ. ಆ ರಾಡಿನ ಎಡ ತುದಿಯನ್ನು ಹಿಡಿದುಕೊಂಡು, ಬಲಗಡೆಯ ತೋಳು ಎಷ್ಟು ತಿರುಗಿತೋ ತಾನೂ ಅಷ್ಟೇ ತಿರುಗುವ ಇನ್ನೊಂದು ತೋಳೇ ಐಡ್ಲರ್. ಜೋಡೆತ್ತಿನಲ್ಲಿ ಒಂದು ಎಳೆಯುತ್ತಿರುವಾಗ ಇನ್ನೊಂದು ಬರೀ ಸಮನಾಗಿ ಹೆಜ್ಜೆ ಹಾಕಿದರೂ ಸಾಕು, ಆದರೆ ಅದು ಹೆಜ್ಜೆ ತಪ್ಪಿದರೆ ಸಾಲು ಸೊಟ್ಟಾಗುತ್ತದೆ. ಐಡ್ಲರಿನ ಕೆಲಸ ಆ ಎರಡನೆಯ ಎತ್ತಿನದು. ಅದು ಕಳಚಿ ಬಿದ್ದರೆ ನಡುವಿನ ರಾಡು ಒಂದು ಕಡೆ ಜೋತುಬಿದ್ದು, ಎರಡು ಗಾಲಿಗಳೂ ಎರಡು ದಿಕ್ಕು ಹಿಡಿಯುತ್ತವೆ. ಆಮೇಲೆ ಡ್ರೈವರ್ ಕೈಯಲ್ಲಿರುವುದು ಬರೀ ಒಂದು ಚಕ್ರ.

ಹೊಸ ಐಡ್ಲರ್ ಸಿಗಲಿಲ್ಲ. ಇಳಕಲ್, ಬಾಗಲಕೋಟೆ, ಹುಬ್ಬಳ್ಳಿ ಮೂರೂ ಕಡೆ ಕೇಳಿದೆ. ‘ಆ ಮಾಡೆಲ್ ಬರೂದು ಬಂದ್ ಆಗೈತ್ರಿ’ ಎಂಬ ಒಂದೇ ಉತ್ತರ. ಬಿಚ್ಚಿ ನೋಡಿದರೆ ಒಳಗಿನ ನೈಲಾನ್ ಬುಶ್ ಪುಡಿಯಾಗಿ ಹೋಗಿ, ಪಿನ್ನು ತೋಳಿನ ಕಣ್ಣಿನಲ್ಲಿ ನೇರವಾಗಿ ಉಜ್ಜಿ, ದುಂಡಗಿನ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಬುಶ್ ಮಾಡಿಸಬಹುದು, ಆದರೆ ಮೊಟ್ಟೆಯಾದ ತೂತಿನಲ್ಲಿ ಅದನ್ನು ಕೂರಿಸುವುದು ಹೇಗೆ? ಉಪಾಯ ನಾನೇ ಹೇಳಿದೆ. ತೂತನ್ನು ವೆಲ್ಡಿಂಗಿನಿಂದ ತುಂಬಿಸಿ, ಲೇತಿನ ಮೇಲೆ ಮತ್ತೆ ದುಂಡಗೆ ಕೊರೆಸಿದರಾಯಿತು. ನೇಗಿಲು, ಕುಂಟೆ, ಟ್ರ್ಯಾಕ್ಟರ್ ಹುಕ್ಕು ಎಲ್ಲವನ್ನೂ ನಾವು ಹಾಗೇ ಮಾಡಿಸಿಕೊಂಡವರು.

ವೆಲ್ಡಿಂಗ್ ಮಾಡಿದವನ ಕೈಗೆಲಸದಲ್ಲಿ ಏನೂ ಕೊರತೆ ಇರಲಿಲ್ಲ. ಸಾದಾ ರಾಡಿನಲ್ಲಿ ಸುತ್ತ ತುಂಬಿಸಿದ. ಬಾಡಿಗೆ ತಪ್ಪುತ್ತದೆ ಎಂಬ ಅವಸರ ನನ್ನದು. ಕೆಂಪಗೆ ಕಾದ ತೋಳನ್ನು ಇಕ್ಕಳದಲ್ಲಿ ಹಿಡಿದು ನಾನೇ ನೀರಿನ ಡಬರಿಗೆ ಹಾಕಿದೆ. ಅದು ಛೊಂಯ್ ಎಂದ ಸದ್ದು ಈಗಲೂ ಕಿವಿಯಲ್ಲಿದೆ.

ಬಡಿದು ಮಾಡಿದ ಉಕ್ಕಿನ ತೋಳಿನಲ್ಲಿ ನೇಗಿಲಿಗೆ ಬಳಸುವ ಪಟ್ಟಿಗಿಂತ ಇಂಗಾಲ ಹೆಚ್ಚಿರುತ್ತದೆ. ಅಂಥ ಉಕ್ಕನ್ನು ಒಂದು ಜಾಗದಲ್ಲಿ ಕರಗುವಷ್ಟು ಕಾಯಿಸಿ ಥಟ್ಟನೆ ಆರಿಸಿದರೆ ಬೆಸುಗೆಯ ಪಕ್ಕದ ಒಂದೆರಡು ಮಿಲಿಮೀಟರ್ ಅಗಲದ ಪಟ್ಟಿ ಗಾಜಿನ ಗುಣಕ್ಕೆ ಹೋಗುತ್ತದೆ: ಬಲು ಗಟ್ಟಿ, ಆದರೆ ಬಾಗಲಾರದು. ಬೆಸೆಯುವ ಮೊದಲು ಇಡೀ ತುಂಡನ್ನು ಹದವಾಗಿ ಕಾಯಿಸಬೇಕು, ತೇವ ಹಿಡಿಯದ ಹಾಗೆ ಒಣಗಿಸಿದ ಬೇರೆಯದೇ ರಾಡು ಬಳಸಬೇಕು, ಆಮೇಲೆ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ತಾಸುಗಟ್ಟಲೆ ನಿಧಾನ ಆರಲು ಬಿಡಬೇಕು. ಇಷ್ಟು ಮಾಡಿದರೂ ಸ್ಟೇರಿಂಗಿನ ತೋಳಿಗೆ ಬೆಸುಗೆ ಹಾಕಬಾರದು ಎಂಬುದೇ ನನ್ನ ಈಗಿನ ಮಾತು.

ಗಾಡಿ ಹೊಸದರಂತೆ ಓಡಿತು. ಸ್ಟೇರಿಂಗ್‌ನಲ್ಲಿ ಒಂದು ಬೆರಳಿನ ಆಟವೂ ಇಲ್ಲ. ಊರಲ್ಲಿ ನಾಲ್ಕು ಜನರಿಗೆ ಹೇಳಿದೆ ಕೂಡ.

ಮೂರು ತಿಂಗಳಾಗಿರಬೇಕು. ಉಳ್ಳಾಗಡ್ಡಿ ಇಳಿಸಿ ಬಾಗಲಕೋಟೆಯಿಂದ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದೆವು. ಪಕ್ಕದಲ್ಲಿ ಮಗ ನಿದ್ದೆ ಹೋಗಿದ್ದ. ಕಮತಗಿ ದಾಟಿ ಚಹಾ ಅಂಗಡಿಯ ಮುಂದೆ ಗಾಡಿ ಹಿಂದಕ್ಕೆ ತೆಗೆಯುವಾಗ ಕೆಳಗೆ ‘ಕಟ್’ ಎಂದಿತು. ಮತ್ತೆ ಮುಂದಕ್ಕೆ ತೆಗೆದರೆ ಗಾಲಿ ನೇರ ಇದೆ, ಸ್ಟೇರಿಂಗ್ ಸ್ವಲ್ಪ ವಾರೆ ನಿಂತಿದೆ. ಇಳಿದು ಮೊಬೈಲಿನ ಬೆಳಕು ಹಿಡಿದೆ. ಬೆಸುಗೆ ಹಾಗೇ ಇತ್ತು. ಅದರ ಅಂಚಿಗೆ ತಾಗಿ ಕೂದಲಿನಷ್ಟು ತೆಳ್ಳನೆಯ ಕಪ್ಪು ಗೆರೆ ಕಣ್ಣಿನ ಸುತ್ತ ಮುಕ್ಕಾಲು ಭಾಗ ಹಬ್ಬಿತ್ತು. ಆ ತೋಳು ಗಾಡಿಯನ್ನು ಹಿಡಿದಿದ್ದುದು ಉಳಿದ ಕಾಲು ಭಾಗದಿಂದ. ಐದು ನಿಮಿಷದ ಹಿಂದೆ ಅದೇ ತೋಳಿನ ಮೇಲೆ ಅರವತ್ತರ ವೇಗದಲ್ಲಿ ಒಂದು ಬಸ್ಸಿಗೆ ದಾರಿ ಕೊಟ್ಟಿದ್ದೆ. ಗಾಡಿಯನ್ನು ಅಲ್ಲೇ ಬಿಟ್ಟು ಮಗನನ್ನು ಎಬ್ಬಿಸಿಕೊಂಡು ಬಸ್ಸಿಗೆ ಊರು ಸೇರಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬಿಚ್ಚಿ ತಂದ ತೋಳನ್ನು ನಮ್ಮಪ್ಪ ಕೈಯಲ್ಲಿ ತಿರುಗಿಸಿ ನೋಡಿದರು. ಅವರು ಐವತ್ತು ವರ್ಷ ಕುಣಿಮಗ್ಗದ ಮುಂದೆ ಕೂತವರು, ಗಾಡಿಯ ಗೊಡವೆ ಅವರಿಗಿಲ್ಲ. ‘ಗಂಟು ಯಾವತ್ತೂ ಹರಿಯೂದಿಲ್ಲೋ ತಮ್ಮಾ, ಗಂಟಿನ ಬಾಜೂಕಿನ ಎಳಿ ಹರೀತೈತಿ’ ಅಂದರು. ನಾನು ಬೆಸುಗೆ ಗಟ್ಟಿಯಾಗಿದೆಯೇ ಎಂದು ಮಾತ್ರ ನೋಡಿದ್ದೆ. ಅದರ ಪಕ್ಕದ ಕಬ್ಬಿಣಕ್ಕೆ ನಾನು ಏನು ಮಾಡಿದೆ ಎಂದು ನೋಡಿರಲಿಲ್ಲ.

ಒಂದೇ ಸಲದ ದೊಡ್ಡ ಹೊಡೆತಕ್ಕೆ ಮುರಿಯದ ಉಕ್ಕು ಲಕ್ಷ ಸಲದ ಸಣ್ಣ ಎಳೆತಕ್ಕೆ ದಣಿದು ಸೀಳುತ್ತದೆ. ಜಗತ್ತು ಇದನ್ನು ದುಬಾರಿ ಬೆಲೆ ಕೊಟ್ಟು ಕಲಿತಿದೆ. 1842ರಲ್ಲಿ ಫ್ರಾನ್ಸಿನ ವರ್ಸೈ ಹಾದಿಯಲ್ಲಿ ರೈಲು ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ವರ್ಷಗಟ್ಟಲೆ ಬಾಗಿಸಿ ತಿರುಗಿಸಿ, ಲೋಹದ ದಣಿವಿಗೆ ಒಂದು ಲೆಕ್ಕ ಕೊಟ್ಟ. ನಮ್ಮ ರಸ್ತೆಯ ಒಂದೊಂದು ತಗ್ಗೂ ಸ್ಟೇರಿಂಗಿನ ತೋಳಿಗೆ ಒಂದು ಸಣ್ಣ ಎಳೆತ. ಗುಡೂರಿನಿಂದ ಬಾಗಲಕೋಟೆಗೆ ಒಮ್ಮೆ ಹೋಗಿ ಬಂದರೆ ಅವೆಷ್ಟೋ.

ಎರಡನೆಯ ಸಲ ನಾನು ಕೆಲಸವನ್ನು ಎರಡು ಪಾಲು ಮಾಡಿದೆ. ಬಾಗುವ, ಎಳೆತ ತಿನ್ನುವ ತುಂಡು ಬೇರೆ. ಬರೀ ಒತ್ತಡ ತಿಂದು ಸವೆಯುವ ತುಂಡು ಬೇರೆ. ತೋಳು, ಪಿನ್ನು, ಬಾಲ್ ಜಾಯಿಂಟು ಮೊದಲ ಪಾಲಿನವು. ಅವುಗಳಲ್ಲಿ ಒಂದನ್ನೂ ಊರಲ್ಲಿ ಮಾಡಿಸಬಾರದು. ಬುಶ್, ವಾಶರ್, ಸೀಲು ಎರಡನೆಯ ಪಾಲು. ಬುಶ್ ಕೆಟ್ಟರೆ ಆಟ ಬರುತ್ತದೆ, ಸದ್ದು ಬರುತ್ತದೆ, ವಾರಗಟ್ಟಲೆ ಮೊದಲೇ ಹೇಳಿ ಕೆಡುತ್ತದೆ. ತೋಳು ಹೇಳುವುದಿಲ್ಲ.

ಹುಬ್ಬಳ್ಳಿಯ ಗುಜರಿಯಲ್ಲಿ ಅದೇ ಮಾದರಿಯ ಗಾಡಿ ಸಿಕ್ಕಿತು. ಅದರ ತೋಳು, ಪಿನ್ನು, ಚಾಸಿಗೆ ಕೂರುವ ಬ್ರಾಕೆಟ್ಟು ಮೂರನ್ನೂ ತಂದೆ. ಹಳೆಯದನ್ನು ಕಣ್ಣಳತೆಯಲ್ಲಿ ನಂಬುವ ಹಾಗಿರಲಿಲ್ಲ. ಲೇತ್ ಅಂಗಡಿಯ ಮಾಮಾ ಒಂದು ಪರೀಕ್ಷೆ ಕಲಿಸಿದರು. ತೋಳನ್ನು ತಂತಿ ಬ್ರಶ್‌ನಿಂದ ತಿಕ್ಕಿ, ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ಹೊರತೆಗೆದು ಒಣ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ಮೇಲೆ ಶಾಲೆಯ ಸೀಮೆಸುಣ್ಣದ ಪುಡಿ ಹಚ್ಚಬೇಕು. ಸೀಳು ಇದ್ದರೆ ಒಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಮೊದಲು ನನ್ನ ಸೀಳಿದ ತೋಳಿಗೇ ಮಾಡಿ ತೋರಿಸಿದರು. ಹತ್ತು ನಿಮಿಷದಲ್ಲಿ ಗೆರೆ ಮೂಡಿತು. ಗುಜರಿಯ ತೋಳು ಬೆಳ್ಳಗೇ ಉಳಿಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳನ್ನೆಲ್ಲ ಇದು ಹಿಡಿಯುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ನಮ್ಮಂಥವರ ಕೈಗೆ ಎಟಕುವ ಪರೀಕ್ಷೆ ಇದು.

ಬುಶ್‌ಗೆ ಗನ್‌ಮೆಟಲ್ ಆರಿಸಿದೆವು. ನೂರು ಪಾಲಿನಲ್ಲಿ ಸುಮಾರು 88 ತಾಮ್ರ, 10 ತವರ, 2 ಸತು ಇರುವ ಮಿಶ್ರಲೋಹ. ಮತ್ತೆ ನೈಲಾನಿನದೇ ಮಾಡಿಸೋಣ ಎಂದರೆ ಅದು ನೀರು ಹೀರಿ ಉಬ್ಬುತ್ತದೆ, ಲೇತಿನಲ್ಲಿ ತೆಗೆದ ಅಳತೆ ಮಳೆಗಾಲದಲ್ಲಿ ಉಳಿಯುವುದಿಲ್ಲ. ಗನ್‌ಮೆಟಲ್ ಪಿನ್ನಿಗಿಂತ ಮೆತ್ತಗಿರುವುದರಿಂದ ಸವೆದರೆ ತಾನು ಸವೆಯುತ್ತದೆ, ಪಿನ್ನು ಉಳಿಯುತ್ತದೆ. ಆದರೆ ಅದಕ್ಕೆ ಗ್ರೀಸ್ ಬೇಕೇ ಬೇಕು. ಹಾಗಾಗಿ ಬ್ರಾಕೆಟ್ಟಿನ ದಪ್ಪ ಭಾಗದಲ್ಲಿ ಗ್ರೀಸ್ ನಿಪ್ಪಲ್ಲು, ಬುಶ್ಶಿನ ಒಳಗೆ ಸುರುಳಿ ಕಾಲುವೆ, ಎರಡೂ ತುದಿಗೆ ರಬ್ಬರ್ ರಿಂಗು.

ಇಲ್ಲೂ ಒಂದು ತಪ್ಪಾಯಿತು. ಪಿನ್ನು ಸಲೀಸಾಗಿ ತಿರುಗುವ ಹಾಗೆ ಮೇಜಿನ ಮೇಲೆ ನೋಡಿಕೊಂಡು ಬುಶ್ಶನ್ನು ಒತ್ತಿ ಕೂರಿಸಿದೆವು. ಕೂತ ಮೇಲೆ ಪಿನ್ನು ಒಳಗೆ ಹೋಗಲೊಲ್ಲದು. ಹೊರಗಿನಿಂದ ಒತ್ತಿಸಿಕೊಂಡ ಬುಶ್ಶಿನ ಒಳತೂತು ಹೆಚ್ಚುಕಡಿಮೆ ಅಷ್ಟೇ ಕಿರಿದಾಗುತ್ತದೆ. ಆದ್ದರಿಂದ ತೂತನ್ನು ಮೊದಲು ಕಿರಿದಾಗಿಯೇ ಬಿಟ್ಟು, ಬುಶ್ ಕೂತ ಮೇಲೆ ರೀಮರ್ ಆಡಿಸಿ ಕೊನೆಯ ಅಳತೆಗೆ ತರಬೇಕು. ನಾನು ಅವಸರದಲ್ಲಿ ಎಮರಿ ಕಾಗದ ಹಾಕಿ ಉಜ್ಜಿ, ಪಿನ್ನನ್ನು ಹೇಗೋ ಹೊಗಿಸಿದೆ. ಬಿಗಿ ಇದ್ದಷ್ಟೂ ಚಲೋ ಎಂಬ ಭಾವನೆ.

ಊರ ಹೊರಗೆ ಖಾಲಿ ಗಾಡಿ ಓಡಿಸಿ ನೋಡಿದಾಗ ಗೊತ್ತಾಯಿತು. ತಿರುವಿನಲ್ಲಿ ಬಲಕ್ಕೆ ತಿರುಗಿಸಿ ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರಬೇಕು, ಬರಲಿಲ್ಲ. ತಿರುಗಿದಲ್ಲೇ ನಿಂತಿತು. ಗಾಡಿ ಬದುವಿನ ಕಡೆ ಹೊರಟಿತು, ನಾನೇ ಎಳೆದು ತರಬೇಕಾಯಿತು. ಆಟ ಇರುವ ಐಡ್ಲರಿನಷ್ಟೇ ಅಪಾಯ ಬಿಗಿಯಾದ ಐಡ್ಲರಿನದು. ಅದು ಸದ್ದನ್ನೂ ಮಾಡುವುದಿಲ್ಲ. ಮತ್ತೆ ಬಿಚ್ಚಿಸಿ, ಹೊಸ ಬುಶ್ ಕಡಿಸಿ, ರೀಮರ್ ಹಾಕಿಸಿದೆ. ಪಿನ್ನಿಗೂ ಬುಶ್ಶಿಗೂ ನಡುವೆ ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಬಿಟ್ಟರು ಮಾಮಾ. ತೋಳಿನ ತುದಿ ಹಿಡಿದರೆ ಒಂದೇ ಬೆರಳಿಗೆ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲುಗಬಾರದು. ಅವರ ಅಳತೆ ಅದು. ವರ್ನಿಯರ್ ಇಲ್ಲದವರಿಗೂ ನಡೆಯುತ್ತದೆ.

ಜೋಡಿಸುವಾಗ ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಬಡಿದು ಮತ್ತೆ ಹಾಕಲು ಹೊರಟಿದ್ದ ಮಿಸ್ತ್ರಿಯ ಕೈ ತಡೆದು ಹೊಸದು ಹಾಕಿಸಿದೆ. ಐದು ರೂಪಾಯಿಯ ಸಾಮಾನು, ಇಡೀ ನಟ್ಟಿಗೆ ಕಾವಲು ಅದೇ. ಕಾನೂನಿನಲ್ಲೂ ಇದು ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟೇರಿಂಗಿಗೇ ಮೀಸಲು: ಚಕ್ರದ ಮೇಲಿನ ಆಟ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಬಿಚ್ಚಿಕೊಳ್ಳದಂತೆ ಲಾಕ್ ಆಗಿರಬೇಕು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಫಿಟ್‌ನೆಸ್ ಆಗಬೇಕು. ನಾವು ಅದನ್ನು ಬಣ್ಣ ಬಳಿದು ರೇಡಿಯಂ ಪಟ್ಟಿ ಅಂಟಿಸುವ ದಿನ ಎಂದು ತಿಳಿದಿದ್ದೇವೆ. ಕೆಳಗೆ ಹೊಕ್ಕು ನೋಡುವ ದಿನವಾಗಬೇಕು ಅದು. ನನ್ನ ಅಭಿಪ್ರಾಯದಲ್ಲಿ 30 ಡಿಗ್ರಿಯೂ ಬಹಳ ಉದಾರ. ಅಷ್ಟು ಆಟ ಬರುವ ತನಕ ಕಾಯುವವರು ನನ್ನಂತೆ ಕೈಯನ್ನು ಹೊಂದಿಸಿಕೊಂಡಿರುತ್ತಾರೆ.

ಈಗ ವಾರಕ್ಕೊಮ್ಮೆ, ಕಲ್ಲಿನ ಬಾಡಿಗೆ ಮಾಡಿದ್ದರೆ ಅಂದೇ ಸಂಜೆ, ನಿಪ್ಪಲ್ಲಿನ ಮೂತಿ ಒರೆಸಿ ಗ್ರೀಸ್ ಹೊಡೆಯುತ್ತೇನೆ. ಬೂದು ಬಣ್ಣದ ಹಳೆಯ ಗ್ರೀಸು ಹೊರಬಂದು, ಹಿಂದಿನಿಂದ ಹೊಸದು ಕಾಣುವ ತನಕ ನಿಲ್ಲಿಸುವುದಿಲ್ಲ. ಮೂತಿ ಒರೆಸದೆ ಹೊಡೆದರೆ ಕಲ್ಲಿನ ಪುಡಿಯನ್ನು ನಾವೇ ಒಳಗೆ ತುಂಬಿದ ಹಾಗೆ. ಬುಶ್ ಕೂತು ಎರಡು ವರ್ಷ ಆಯಿತು, ಬೆರಳಿನ ಪರೀಕ್ಷೆಯಲ್ಲಿ ಇನ್ನೂ ಅಲುಗಿಲ್ಲ.

ಸೀಳಿದ ತೋಳು ಲೇತ್ ಅಂಗಡಿಯ ಗೋಡೆಯ ಮೊಳೆಗೆ ತೂಗುತ್ತಿದೆ. ಸ್ಟೇರಿಂಗ್ ಸಾಮಾನಿಗೆ ವೆಲ್ಡಿಂಗ್ ಕೇಳಿಕೊಂಡು ಬಂದವರಿಗೆ ಮಾಮಾ ಮೊದಲು ಅದನ್ನು ಕೈಗೆ ಕೊಡುತ್ತಾರೆ. ಸುತ್ತಲಿನ ಊರುಗಳಲ್ಲಿ ಹಳೆಯ ಪಿಕಪ್ ಓಡಿಸುವ ಅಣ್ಣತಮ್ಮಂದಿರಲ್ಲಿ ನನ್ನ ಬೇಡಿಕೆ ಒಂದೇ. ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಕೆಳಗೆ ಹೊಕ್ಕು, ಸ್ಟೇರಿಂಗಿನ ತೋಳುಗಳ ಮಣ್ಣು ಒರೆಸಿ ನೋಡಿ. ಯಾವುದರ ಮೇಲಾದರೂ ಬೆಸುಗೆಯ ಗುರುತು ಕಂಡರೆ ಅಂದಿನ ಬಾಡಿಗೆ ಬಿಡಿ, ಗಾಡಿಯನ್ನು ಅಲ್ಲೇ ನಿಲ್ಲಿಸಿ.