ಹುದುಗು ಪೆಟ್ಟಿಗೆಯ ತಂಪಿಗೆ ತಗಲುವ ಖರ್ಚು

ಮನೆಯಲ್ಲಿ ತಯಾರಿಸುವ ಬಿಯರ್‌ನ ರುಚಿ ನಿರ್ಧಾರವಾಗುವುದು ಹುದುಗುವಿಕೆಯ ಮೊದಲ ಮೂರು ನಾಲ್ಕು ದಿನಗಳಲ್ಲಿ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುವಾಗ ಶಾಖವೂ ಹುಟ್ಟುತ್ತದೆ. 19 ಲೀಟರಿನ ಪಾತ್ರೆಯೊಳಗಿನ ದ್ರವ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುವುದು ಮಾಮೂಲು. ಏಲ್ ಯೀಸ್ಟ್‌ಗಳಲ್ಲಿ ಹೆಚ್ಚಿನವಕ್ಕೆ 18ರಿಂದ 21 ಡಿಗ್ರಿ ಹಿತ, ಲಾಗರ್‌ಗೆ 8ರಿಂದ 13. ಅದು ಮೀರಿದರೆ ಬಾಳೆಹಣ್ಣಿನ ವಾಸನೆಯ ಎಸ್ಟರ್‌ಗಳೂ ಗಂಟಲು ಸುಡುವ ಫ್ಯೂಸೆಲ್ ಮದ್ಯಸಾರಗಳೂ ಹೆಚ್ಚುತ್ತವೆ. ಒಮ್ಮೆ ಸೇರಿದ ಫ್ಯೂಸೆಲನ್ನು ಮನೆಯಲ್ಲಿ ತೆಗೆಯುವ ದಾರಿಯಿಲ್ಲ. ದೋಸೆ ಹಿಟ್ಟಿಗೆ ಒಗ್ಗುವ ಸೆಖೆ ಬಿಯರ್‌ಗೆ ಒಗ್ಗದು.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಒಕ್ಕೂಟ ಮಟ್ಟದ ಮಾನ್ಯತೆ ಸಿಕ್ಕಿದ್ದು 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಹಾಗಾಗಿ ಇಲ್ಲಿರುವುದು ಡಾಲರಿನ ಲೆಕ್ಕ, ಈ ಅಂಕಣಕಾರ ನೆಲೆಸಿರುವ ಟೆಕ್ಸಾಸಿನ ಬೇಸಿಗೆಯ ಲೆಕ್ಕ.

ತಂಪು ಮಾಡಲು ಹಣ ಹಾಕುವ ಮುನ್ನ ಶಾಖ ಎಲ್ಲಿಂದ ಬರುತ್ತದೆಂದು ಅಳೆಯಬೇಕು. ಸಾಧಾರಣ ಗಟ್ಟಿಯ 19 ಲೀಟರ್ ಏಲ್ ಪೂರ್ತಿ ಹುದುಗಿ ಮುಗಿಯುವಷ್ಟರಲ್ಲಿ ಹೊರಬರುವ ಶಾಖ ಸುಮಾರು 900 ಕಿಲೋಜೂಲ್. ಒಂದು ಕಿಲೋ ಮಂಜುಗಡ್ಡೆ ಕರಗುತ್ತ 334 ಕಿಲೋಜೂಲ್ ಹೀರುತ್ತದೆ. ಅಂದರೆ ಯೀಸ್ಟ್ ಹುಟ್ಟಿಸುವ ಶಾಖವನ್ನೆಲ್ಲ ಮೂರು ಕಿಲೋಗಿಂತ ಕಡಿಮೆ ಮಂಜುಗಡ್ಡೆ ನುಂಗಬಲ್ಲದು. ಗೋಡೆಗಳ ಮೂಲಕ ಒಳನುಸುಳುವ ಶಾಖದ ಕಥೆ ಬೇರೆ. ಎರಡಡಿ ಅಗಲ, ಎರಡಡಿ ಆಳ, ಮೂರಡಿ ಎತ್ತರದ ಪೆಟ್ಟಿಗೆಗೆ ಎರಡಿಂಚು ದಪ್ಪದ ಫೋಮ್ ಗೋಡೆಯಿದ್ದು, ಹೊರಗೆ 28, ಒಳಗೆ 19 ಡಿಗ್ರಿ ಇದ್ದರೆ ದಿನಕ್ಕೆ ಸುಮಾರು 1,200 ಕಿಲೋಜೂಲ್ ಒಳಬರುತ್ತದೆ. ಒಂದೇ ದಿನದ ಸೋರಿಕೆ ಇಡೀ ಹುದುಗುವಿಕೆಯ ಶಾಖವನ್ನು ಮೀರಿಸುತ್ತದೆ! ಒಂದಿಂಚಿನ ಫೋಮ್ ಆದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ಅದೇ ಪೆಟ್ಟಿಗೆಯನ್ನು 40 ಡಿಗ್ರಿಯ ಗ್ಯಾರೇಜಿಗೆ ಸಾಗಿಸಿದರೆ ಎರಡು ಪಟ್ಟಿಗೂ ಮೇಲು.

ಆದ್ದರಿಂದ ಮೊದಲ ಹಣ ಹೋಗಬೇಕಾದದ್ದು ಗೋಡೆಗೆ. ಮೊದಲ ಉಳಿತಾಯಕ್ಕಂತೂ ಹಣವೇ ಬೇಡ: ಪೆಟ್ಟಿಗೆಯನ್ನು ಗ್ಯಾರೇಜಿನಿಂದ ಮನೆಯೊಳಗಿನ ತಂಪು ಮೂಲೆಗೆ ತಂದರಾಯಿತು. ನಾಲ್ಕಡಿಗೆ ಎಂಟಡಿಯ ಎರಡಿಂಚಿನ ಫೋಮ್ ಹಾಳೆಗೆ 40ರಿಂದ 50 ಡಾಲರ್. ಪೆಟ್ಟಿಗೆಗೆ ಒಂದು ಹಾಳೆ ಬೇಕು, ನಡುಗೋಡೆಗೂ ಬಾಗಿಲಿನ ಅಂಚಿಗೂ ಇನ್ನೊಂದರ ತುಂಡು. ಸಂದುಗಳಿಗೆ ಅಂಟುಪಟ್ಟಿ, ಬಾಗಿಲ ಸುತ್ತ ಮೆತ್ತನೆಯ ಪಟ್ಟಿ ಹಾಕದಿದ್ದರೆ ದಪ್ಪ ಫೋಮಿನ ದುಡ್ಡು ದಂಡ.

ಇಂಥ ಪೆಟ್ಟಿಗೆಯ ಹೆಸರಾಂತ ಮಾದರಿ ಕೆನ್ ಶ್ವಾರ್ಟ್ಸ್ ರೂಪಿಸಿದ ‘ಸನ್ ಆಫ್ ಫರ್ಮೆಂಟೇಶನ್ ಚಿಲ್ಲರ್’. ಒಂದು ಅಂಕಣದಲ್ಲಿ ಬಿಯರ್, ಪಕ್ಕದ್ದರಲ್ಲಿ ಮಂಜುಗಟ್ಟಿದ ನೀರಿನ ಕ್ಯಾನುಗಳು, ನಡುವೆ ಕಂಪ್ಯೂಟರಿನ ಪುಟ್ಟ ಫ್ಯಾನ್, ಅದನ್ನು ನಡೆಸುವ ಥರ್ಮೋಸ್ಟಾಟ್. ಮೇಲಿನ ಲೆಕ್ಕದ ಪ್ರಕಾರ ದಿನಕ್ಕೆ ನಾಲ್ಕು ಕಿಲೋ ಮಂಜುಗಡ್ಡೆ ಬೇಕು, ಹುದುಗು ಏರಿದ ದಿನಗಳಲ್ಲಿ ಇನ್ನೊಂದು ಕಿಲೋ ಹೆಚ್ಚು. ಮನೆಯ ಫ್ರೀಜರಿನಲ್ಲಿ ಇದನ್ನು ಗಟ್ಟಿಸಲು ಅರ್ಧ ಯೂನಿಟ್ ಆಸುಪಾಸಿನ ವಿದ್ಯುತ್ ಸಾಕು. 2023ರಲ್ಲಿ ಅಮೆರಿಕದ ಮನೆಬಳಕೆಯ ಸರಾಸರಿ ದರ ಯೂನಿಟ್‌ಗೆ 16 ಸೆಂಟ್ ಇತ್ತು. ಆ ಲೆಕ್ಕದಲ್ಲಿ ದಿನಕ್ಕೆ ಎಂಟು ಸೆಂಟ್. ದುಬಾರಿಯಾಗುವುದು ಫ್ರೀಜರಿನ ಜಾಗ ಮತ್ತು ಬೆಳಿಗ್ಗೆ ಸಂಜೆ ಕ್ಯಾನು ಬದಲಿಸುವ ಕಟ್ಟುಪಾಡು. ವಾರಾಂತ್ಯಕ್ಕೆ ಊರು ಬಿಡುವ ಮನೆಯವರಿಗೆ ಇದು ಆಗದು.

ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಒದ್ದೆ ಅಂಗಿ ಹೊದಿಸಿ, ಫ್ಯಾನ್ ಹಾಕುವ ಉಪಾಯ ಎಲ್ಲಕ್ಕಿಂತ ಅಗ್ಗ. ಆವಿಯಾಗುವ ನೀರು ಅಷ್ಟೇ ತೂಕದ ಮಂಜುಗಡ್ಡೆಗಿಂತ ಏಳು ಪಟ್ಟು ಶಾಖ ಒಯ್ಯುತ್ತದೆ. ಆದರೆ ಅದು ಅರಿಜೋನಾದ ಒಣ ಹವೆಗೆ ಸರಿ, ಹ್ಯೂಸ್ಟನ್ನಿನ ಜಿಗುಟು ಹವೆಯಲ್ಲಿ ನೀರು ಆರುವುದೇ ಇಲ್ಲ. ವಿದ್ಯುತ್ ಹರಿಸಿದರೆ ಒಂದು ಬದಿ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ನೋಡಲು ಚೆಂದ, ಆದರೆ ಸಾಮಾನ್ಯವಾಗಿ ತಾನು ಎಳೆದ ವಿದ್ಯುತ್ತಿನ ಅರ್ಧದಷ್ಟು ಶಾಖವನ್ನೂ ಹೊರಹಾಕದು. ಹಣ ಎಣಿಸುವವರು ಅದನ್ನು ಬಿಡುವುದೇ ಲೇಸು.

ಹಲವು ಬೇಸಿಗೆಗಳ ಬಳಿಕ ಈ ಅಂಕಣಕಾರನ ಮನೆಯಲ್ಲಿ ಉಳಿದಿರುವುದು ಹಳೆಯ ಫ್ರಿಜ್ ಮತ್ತು ಹೊರಗಿನ ತಾಪ ನಿಯಂತ್ರಕ. ನಿಯಂತ್ರಕಕ್ಕೆ, ಉದಾಹರಣೆಗೆ ಇಂಕ್‌ಬರ್ಡ್ ಐಟಿಸಿ-308ಕ್ಕೆ, 35 ಡಾಲರ್ ಆಸುಪಾಸು. ಫ್ರಿಜ್ಜಿನ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದರೆ ಸಾಕು, ಒಳಗಿನ ತಂತಿ ಮುಟ್ಟಬೇಕಿಲ್ಲ. ಅಳೆಯುವ ತುದಿಯನ್ನು ಗಾಳಿಯಲ್ಲಿ ತೂಗಬಿಡದೆ ಪಾತ್ರೆಯ ಮೈಗೆ ಒತ್ತಿ, ಮೇಲೆ ಫೋಮಿನ ತುಂಡಿಟ್ಟು ಕಟ್ಟಬೇಕು. ಆಗ ಅದು ಬಿಯರ್‌ನ ತಾಪವನ್ನೇ ಓದುತ್ತದೆ, ಬಾಗಿಲು ತೆರೆದಾಗಲೆಲ್ಲ ಬೆಚ್ಚಿಬೀಳುವುದಿಲ್ಲ. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಓಡದಂತೆ ಐದು ಹತ್ತು ನಿಮಿಷದ ಬಿಡುವು ಇರಿಸಬೇಕು. ಕಂಪ್ರೆಸರ್ ಸುಟ್ಟರೆ ಉಳಿಸಿದ್ದೆಲ್ಲ ಹೋಯಿತು. ಪಕ್ಕದ ಗೋಡೆಗೆ ತೂತು ಕೊರೆಯಬಾರದು, ಅಲ್ಲಿ ಶೀತಕದ ಕೊಳವೆ ಹಾದಿರಬಹುದು. ಚೆಸ್ಟ್ ಫ್ರೀಜರ್ ಅಗ್ಗವಾಗಿ ಸಿಕ್ಕರೂ 20 ಕಿಲೋ ಮೀರಿದ ಪಾತ್ರೆಯನ್ನು ಎತ್ತಿ ಇಳಿಸುವ ಬೆನ್ನಿನ ನೋವನ್ನು ಬೆಲೆಗೆ ಸೇರಿಸಿಕೊಳ್ಳಬೇಕು.

ಪುಕ್ಕಟೆ ಸಿಗುವ ತೀರಾ ಹಳೆಯ ಫ್ರಿಜ್ ಬಗ್ಗೆ ಎಚ್ಚರ ಬೇಕು. 1970ರ ದಶಕದ ಮಾದರಿಗಳು ಮಾಮೂಲಿ ಬಳಕೆಯಲ್ಲಿ ವರ್ಷಕ್ಕೆ 1,800 ಯೂನಿಟ್ ಆಸುಪಾಸು ತಿನ್ನುತ್ತಿದ್ದವು. ಈಚಿನ ಫ್ರಿಜ್ಜನ್ನು 19 ಡಿಗ್ರಿಗೆ ನಿಲ್ಲಿಸಿದರೆ ಕಂಪ್ರೆಸರ್ ಬಹುಹೊತ್ತು ಸುಮ್ಮನಿರುತ್ತದೆ; ಎರಡು ವಾರದ ಒಂದು ಬಿಯರ್‌ಗೆ ವಿದ್ಯುತ್ ಖರ್ಚು ಒಂದೆರಡು ಡಾಲರ್ ಮೀರದು. ಹುದುಗು ಮುಗಿದ ಮೇಲೆ ಒಂದೆರಡು ಡಿಗ್ರಿಗೆ ಇಳಿಸಿ ಯೀಸ್ಟ್ ತಳಕ್ಕೆ ಕೂರುವಂತೆ ಮಾಡಲೂಬಹುದು. ಮಂಜುಗಡ್ಡೆಯ ಪೆಟ್ಟಿಗೆಗೆ ಇದು ಕೈಲಾಗದ ಕೆಲಸ, ಲಾಗರ್ ಮಾಡುವವರಿಗೆ ಅನಿವಾರ್ಯ.

ವರ್ಷಕ್ಕೆ ಎರಡೋ ಮೂರೋ ಬಾರಿ ಮಾತ್ರ ಬಿಯರ್ ಮಾಡುವವರಿಗೆ ಯಾವ ಪೆಟ್ಟಿಗೆಯೂ ಬೇಕಿಲ್ಲ. ಏಲನ್ನು ಚಳಿಗಾಲಕ್ಕೆ ಇಟ್ಟುಕೊಂಡು, ಬೇಸಿಗೆಯಲ್ಲಿ ನಾರ್ವೆಯ ಹಳ್ಳಿಗಳಿಂದ ಬಂದ ಕ್ವೇಕ್ ಯೀಸ್ಟ್ ಬಳಸಬಹುದು. ವೊಸ್ ಎಂಬ ತಳಿ 35 ಡಿಗ್ರಿ ದಾಟಿದರೂ ಫ್ಯೂಸೆಲ್ ಖಾರವಿಲ್ಲದೆ ಕಿತ್ತಳೆಯ ಪರಿಮಳ ಕೊಡುತ್ತದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ.